ಐದು ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಮೂತ್ರಕೋಶ ಕಾಣಿಸಲಿಲ್ಲ, ನೀರು ಮಾತ್ರ ಸರಿಯಾಗಿದೆ ಅಂದರು. ಯಾರಿಗಾದರೂ ಹೀಗೆ ಆಗಿತ್ತಾ?

ಭದ್ರಾ ದಂಡೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಮೊದಲ ಸಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮದು ತರೀಕೆರೆ ಹತ್ತಿರದ ಹಳ್ಳಿ. ನನಗೆ 27 ವರ್ಷ, ಮೊದಲ ಬಸಿರು. ಇವತ್ತಿಗೆ 20 ವಾರ 3 ದಿನ.

ಮೊನ್ನೆ ಶಿವಮೊಗ್ಗಕ್ಕೆ ಹೋಗಿ, ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡುವ ಅನಾಮಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದರು, ಇದು ಕೈ, ಇದು ಹೃದಯ ಅಂತ ತೋರಿಸಿದರು. ಹೊಟ್ಟೆಯ ಭಾಗಕ್ಕೆ ಬಂದ ಮೇಲೆ ಸುಮ್ಮನಾದರು. ಎರಡು ಸಲ ಎಡಕ್ಕೆ ಬಲಕ್ಕೆ ಮಲಗಿಸಿ ನೋಡಿದರು. ಕೊನೆಗೆ ಮಗುವಿನ ಬ್ಲಾಡರ್ ಸಿಗುತ್ತಿಲ್ಲ, ಎರಡೂ ಕಿಡ್ನಿ ಇವೆ, ಸುತ್ತಲಿನ ನೀರೂ ಸರಿಯಾಗಿದೆ, ಹೊಕ್ಕುಳ ಬಳ್ಳಿ ಸ್ವಲ್ಪ ಕೆಳಗೆ ಸೇರಿಕೊಂಡ ಹಾಗಿದೆ, ದೊಡ್ಡ ಕಡೆ ಇನ್ನೊಂದು ಸಲ ತೋರಿಸಿ ಅಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಏನು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ, ರಿಪೋರ್ಟ್ ಹಿಡಿದುಕೊಂಡು ಬಸ್ ಹತ್ತಿದೆ.

ಅವತ್ತಿನಿಂದ ನಿದ್ದೆ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಬ್ಲಾಡರ್ ದೊಡ್ಡದಾದರೆ ಅಪಾಯ ಅಂತ ಇದೆ, ಇನ್ನೊಂದು ಕಡೆ ಕರುಳು ಹೊರಗೆ ಬಂದಿರುವ ಫೋಟೋ. ಯಾವುದು ನನ್ನ ಮಗುವಿನದು ಅಂತಲೇ ತಿಳಿಯುತ್ತಿಲ್ಲ. ನಮ್ಮತ್ತೆ ಗ್ರಹಣದ ದಿನ ನಾನು ಹಿತ್ತಲಿಗೆ ಹೋಗಿದ್ದನ್ನು ನೆನಪಿಸಿಕೊಂಡು ಅಳುತ್ತಾರೆ. ಬೈಯುವುದಿಲ್ಲ, ಆದರೆ ಅಳುತ್ತಾರೆ, ಅದೇ ಜಾಸ್ತಿ ಕಷ್ಟ.

ಮೂತ್ರಕೋಶವೇ ಇಲ್ಲ ಅಂತಾನಾ ಇದರ ಅರ್ಥ? ಸ್ಕ್ಯಾನ್ ತಪ್ಪಿರಬಹುದಾ? ಮುಂದೇನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಕ್ಯಾನ್ ಕೋಣೆಯಿಂದ:

ನೋಡಮ್ಮಾ, ನಾನು ಹದಿನಾಲ್ಕು ವರ್ಷದಿಂದ ಸ್ಕ್ಯಾನ್ ಮಾಡುತ್ತಿರುವವಳು. ನಿಮ್ಮ ಚಿತ್ರ ನಾನು ನೋಡಿಲ್ಲ, ಹಾಗಾಗಿ ಇದೇ ಕಾಯಿಲೆ ಅಂತ ಹೇಳುವುದಿಲ್ಲ. ಆದರೆ ಆ ರಿಪೋರ್ಟನ್ನು ಹೇಗೆ ಓದಬೇಕು ಅನ್ನುವುದನ್ನು ಹೇಳಬಲ್ಲೆ.

ಹೊಟ್ಟೆಯೊಳಗಿನ ಮಗು ಸುಮಾರು ಹತ್ತನೇ ವಾರದಿಂದಲೇ ಮೂತ್ರ ಮಾಡಲು ಶುರು ಮಾಡುತ್ತದೆ. 13ನೇ ವಾರದ ಹೊತ್ತಿಗೆ ಮೂತ್ರಕೋಶ ಸಣ್ಣ ಕಪ್ಪು ಗುಳ್ಳೆಯ ಹಾಗೆ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಅದು ಸುಮಾರು ಅರ್ಧ ಗಂಟೆಗೊಮ್ಮೆ ತುಂಬಿ ಖಾಲಿಯಾಗುತ್ತಾ ಇರುತ್ತದೆ. ಮಗು ಆಗ ತಾನೇ ಖಾಲಿ ಮಾಡಿದ್ದರೆ ನಮಗೆ ಏನೂ ಕಾಣುವುದಿಲ್ಲ. ಆದ್ದರಿಂದ ಒಂದು ಸಲ ಕಾಣಲಿಲ್ಲ ಅಂದರೆ ಅದು ಏನೂ ಅಲ್ಲ. ತಾಯಿಗೆ ಓಡಾಡಿ ಬನ್ನಿ ಅಂತ ಹೇಳಿ ಮೂವತ್ತು ನಲವತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಬೇಕಾದರೆ ಇನ್ನೊಂದು ದಿನವೂ ನೋಡಬೇಕು. ಇಪ್ಪತ್ತು ಜನ ಕಾಯುತ್ತಿರುವಾಗ ಅಷ್ಟು ಹೊತ್ತು ಕಾಯುವುದು ನಮಗೂ ಕಷ್ಟ, ಆದರೆ ಈ ವಿಷಯದಲ್ಲಿ ಕಾಯಲೇಬೇಕು.

ಇನ್ನು ನೀರಿನ ಲೆಕ್ಕ. 16 ವಾರ ಆದ ಮೇಲೆ ಮಗುವಿನ ಸುತ್ತ ಇರುವ ನೀರಿನಲ್ಲಿ ಹೆಚ್ಚಿನದು ಮಗುವಿನದೇ ಮೂತ್ರ. ಎರಡೂ ಕಿಡ್ನಿ ಇಲ್ಲದಿದ್ದರೆ ಬ್ಲಾಡರ್ ತುಂಬುವುದಿಲ್ಲ, ನೀರೂ ಇರುವುದಿಲ್ಲ, ನೀರಿಲ್ಲದಿದ್ದರೆ ಶ್ವಾಸಕೋಶ ಬೆಳೆಯುವುದಿಲ್ಲ, ಅದು ಬದುಕುವ ಸ್ಥಿತಿ ಅಲ್ಲ. ನಿಮ್ಮದು ಹಾಗಲ್ಲ. ನೀರಿದೆ ಅಂದರೆ ಕಿಡ್ನಿ ಕೆಲಸ ಮಾಡುತ್ತಿವೆ, ಮೂತ್ರ ಹೊರಗೆ ಬರುತ್ತಿದೆ. ಅದು ಎಲ್ಲೂ ನಿಂತು ಶೇಖರವಾಗುತ್ತಿಲ್ಲ, ಅಷ್ಟೇ. ಎಷ್ಟು ಸಲ ನೋಡಿದರೂ ಬ್ಲಾಡರ್ ತುಂಬುತ್ತಿಲ್ಲ, ನೀರು ಸರಿ ಇದೆ, ಬಳ್ಳಿ ಕೆಳಗೆ ಸೇರಿದೆ, ಈ ಮೂರೂ ಒಟ್ಟಿಗೆ ಬಂದರೆ ನಮ್ಮ ತಲೆಗೆ ಮೊದಲು ಬರುವ ಹೆಸರು ಬ್ಲಾಡರ್ ಎಕ್ಸ್‌ಟ್ರೋಫಿ. ಮೂತ್ರಕೋಶ ಇರುತ್ತದೆ, ಆದರೆ ಚೀಲದ ಹಾಗೆ ಮುಚ್ಚಿಕೊಂಡಿರುವುದಿಲ್ಲ. ಹೊಕ್ಕುಳ ಕೆಳಗೆ ಹೊಟ್ಟೆಯ ಗೋಡೆ ಕೂಡದೆ, ಮೂತ್ರಕೋಶ ಬಿಚ್ಚಿದ ಹೂವಿನ ಹಾಗೆ ಹೊರಕ್ಕೆ ತೆರೆದುಕೊಂಡಿರುತ್ತದೆ. ಕಿಡ್ನಿಯಿಂದ ಬಂದ ಮೂತ್ರ ಅಲ್ಲಿಂದ ನೇರವಾಗಿ ಹೊರಗೆ ಜಿನುಗುತ್ತದೆ. 30 ಸಾವಿರದಿಂದ 50 ಸಾವಿರ ಹೆರಿಗೆಗೆ ಒಂದು ಅನ್ನುವಷ್ಟು ಅಪರೂಪ. ಎಷ್ಟೋ ಸಲ ಹುಟ್ಟಿದ ಮೇಲೇ ಗೊತ್ತಾಗುತ್ತದೆ. ನಿಮ್ಮ ಡಾಕ್ಟರು ಬಳ್ಳಿಯ ಜಾಗವನ್ನೂ ಗಮನಿಸಿ ಬರೆದಿದ್ದಾರಲ್ಲ, ಒಳ್ಳೆಯ ಕಣ್ಣು ಅವರದು.

ಮುಂದಿನ ಸ್ಕ್ಯಾನನ್ನು ಫೀಟಲ್ ಮೆಡಿಸಿನ್ ಡಾಕ್ಟರ, ಅಂದರೆ ಹೊಟ್ಟೆಯೊಳಗಿನ ಮಗುವಿನ ತೊಂದರೆಗಳನ್ನೇ ನೋಡುವವರ ಹತ್ತಿರ ಮಾಡಿಸಿ. ಮಾಮೂಲಿ ಗೈನಕಾಲಜಿಸ್ಟ್ ಬೇರೆ, ಇವರು ಬೇರೆ. ಕಲರ್ ಡಾಪ್ಲರ್ ಹಾಕಿದರೆ ಬಳ್ಳಿಯ ಎರಡು ರಕ್ತನಾಳ ಹೊಟ್ಟೆಯೊಳಗೆ ಎಲ್ಲಿ ಹೋಗುತ್ತವೆ ಅಂತ ಕಾಣುತ್ತದೆ. ಬ್ಲಾಡರ್ ಇರಬೇಕಾದದ್ದು ಅವುಗಳ ನಡುವೆಯೇ. ಅಲ್ಲಿ ಖಾಲಿ ಇದ್ದು, ಬಳ್ಳಿಯ ಕೆಳಗೆ ಹೊರಗಡೆ ಸಣ್ಣ ಉಬ್ಬು ಇದೆಯಾ ಅಂತ ನೋಡುತ್ತಾರೆ. ಬೆನ್ನುಮೂಳೆ ಪೂರ್ತಿ ನೋಡಿ ಅಂತ ಮರೆಯದೆ ಕೇಳಿ. ಯಾಕೆಂದರೆ ಇದರ ದೊಡ್ಡ ರೂಪ ಒಂದಿದೆ, ಕ್ಲೋಯಕಲ್ ಎಕ್ಸ್‌ಟ್ರೋಫಿ. ಅದರಲ್ಲಿ ಮೂತ್ರಕೋಶದ ಜತೆ ಕರುಳೂ ತೆರೆದಿರುತ್ತದೆ, ಹೊಕ್ಕುಳಲ್ಲಿ ಚೀಲ ಇರಬಹುದು, ಬೆನ್ನುಮೂಳೆಯಲ್ಲೂ ತೊಂದರೆ ಇರಬಹುದು. ಅದು ಇನ್ನೂ ಬಹಳ ಅಪರೂಪ, ಅದರ ದಾರಿಯೇ ಬೇರೆ. ಸ್ಕ್ಯಾನ್‌ನಲ್ಲಿ ಸ್ಪಷ್ಟ ಆಗದಿದ್ದರೆ ಎಂಆರ್‌ಐ ಮಾಡುತ್ತಾರೆ. ಅದರಿಂದ ಮಗುವಿಗೆ ವಿಕಿರಣ ತಗುಲುವುದಿಲ್ಲ, ಹೆದರಬೇಡಿ.

ಕರುಳು ಹೊರಗೆ ಬಂದಿರುವ ಫೋಟೋ ಅಂದಿರಲ್ಲ, ಅವು ಎರಡು ಬೇರೆ ತೊಂದರೆ. ಹೊಕ್ಕುಳ ಪಕ್ಕದ ತೂತಿನಿಂದ ಕರುಳು ಹಾಗೇ ನೀರಿನಲ್ಲಿ ತೇಲುತ್ತಿದ್ದರೆ ಗ್ಯಾಸ್ಟ್ರೋಸ್ಕೈಸಿಸ್, ಸಾಮಾನ್ಯವಾಗಿ ಹೊಕ್ಕುಳ ಬಲಕ್ಕೆ ಇರುತ್ತದೆ. ಹೊಕ್ಕುಳ ಬಳ್ಳಿಯ ಬುಡದಲ್ಲೇ ಪೊರೆಯ ಚೀಲದೊಳಗೆ ಕರುಳೋ ಲಿವರೋ ಇದ್ದರೆ ಆಂಫಲೋಸೀಲ್. ಈ ಎರಡನೆಯದರಲ್ಲಿ ಕ್ರೋಮೋಸೋಮ್ ತೊಂದರೆ ಜತೆಗಿರುವ ಸಾಧ್ಯತೆ ಜಾಸ್ತಿ, ಅದಕ್ಕೆ ಆಮ್ನಿಯೋಸೆಂಟೆಸಿಸ್, ಅಂದರೆ ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು ಮಾಡುವ ಪರೀಕ್ಷೆ, ಮಾಡಿಸಿ ಅನ್ನುತ್ತಾರೆ. ಬ್ಲಾಡರ್ ಎಕ್ಸ್‌ಟ್ರೋಫಿ ಒಂದೇ ಇದ್ದರೆ ಕ್ರೋಮೋಸೋಮ್ ಸಾಮಾನ್ಯವಾಗಿ ಸರಿ ಇರುತ್ತವೆ, ಮಗುವಿನ ಬುದ್ಧಿ ಬೆಳವಣಿಗೆಯೂ ಚೆನ್ನಾಗಿಯೇ ಇರುತ್ತದೆ.

ಗ್ರಹಣದ ವಿಷಯ. ಹೊಟ್ಟೆಯ ಕೆಳಗಿನ ಗೋಡೆ ಕೂಡುವುದು ಬಸಿರಿನ ಮೊದಲ ವಾರಗಳಲ್ಲಿ, ಎಷ್ಟೋ ಜನರಿಗೆ ತಾವು ಬಸುರಿ ಅಂತ ಗೊತ್ತಾಗುವ ಹೊತ್ತಿಗೇ ಆ ಕೆಲಸ ಶುರುವಾಗಿರುತ್ತದೆ. ನೀವು ಹಿತ್ತಲಿಗೆ ಹೋದದ್ದರಿಂದ ಆಗಿದ್ದಲ್ಲ, ತಿಂದದ್ದರಿಂದ ಆಗಿದ್ದಲ್ಲ. ಇದನ್ನು ನಿಮ್ಮತ್ತೆಗೆ ನೀವು ಹೇಳಬೇಡಿ, ಡಾಕ್ಟರ ಬಾಯಿಂದಲೇ ಹೇಳಿಸಿ. ಅವರನ್ನೂ ಜತೆಗೆ ಕರೆದುಕೊಂಡು ಹೋಗಿ.

ಸ್ಕ್ಯಾನ್ ಮಾಡುವಾಗ ಗಂಡೋ ಹೆಣ್ಣೋ ಅಂತ ಮಾತ್ರ ಯಾರೂ ಕೇಳಬೇಡಿ. ಈ ತೊಂದರೆಯಲ್ಲಿ ಆ ಭಾಗವನ್ನೂ ನಾವು ನೋಡಬೇಕಾಗುತ್ತದೆ, ಆದರೆ 1994ರ ಕಾನೂನಿನ ಪ್ರಕಾರ ಹೇಳುವ ಹಾಗಿಲ್ಲ. ಹುಟ್ಟುವವರೆಗೆ ಅದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದೂ ಇಲ್ಲ.

ಹುಬ್ಬಳ್ಳಿ ಅಪ್ಪ:

ಮೇಲಿನ ಮೇಡಂ ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಬ್ಲಾಡರ್ ದೊಡ್ಡದಾಗುವ ತೊಂದರೆ ನಮ್ಮ ಮನೆಯದು. ನಮ್ಮ ಮಗನಿಗೆ 22 ವಾರದಲ್ಲಿ ಎರಡೂ ಕಿಡ್ನಿ ಊದಿವೆ, ಬ್ಲಾಡರ್ ಉಬ್ಬಿದೆ, ಕೆಳಗೆ ಬೀಗದ ಕೈ ತೂತಿನ ಆಕಾರ ಕಾಣುತ್ತಿದೆ ಅಂದರು. ಮೂತ್ರನಾಳದಲ್ಲಿ ಪೊರೆ ಅಡ್ಡ ಇರುತ್ತದೆ, ಅದಕ್ಕೆ ಪಿಯುವಿ ಅಂತಾರೆ, ಗಂಡು ಮಕ್ಕಳಿಗೆ ಮಾತ್ರ ಬರುವುದು. ನಿಮ್ಮದು ಅದಕ್ಕೆ ಪೂರ್ತಿ ಉಲ್ಟಾ. ನಮ್ಮದು ಮೂತ್ರ ಹೊರಗೆ ಹೋಗದ ಕಥೆ, ನಿಮ್ಮದು ಒಳಗೆ ನಿಲ್ಲದ ಕಥೆ. ಆದ್ದರಿಂದ ಪಿಯುವಿ ಬಗ್ಗೆ ಓದಿದ್ದನ್ನೆಲ್ಲ ತಲೆಯಿಂದ ತೆಗೆದುಹಾಕಿ. ನಾನೂ ರಾತ್ರಿಯೆಲ್ಲ ಕೂತು ಬೇರೆಯವರ ಕಾಯಿಲೆ ಓದಿ ಹೆಂಡತಿಗೆ ಹೇಳಿ ಹೆದರಿಸಿದ್ದೇನೆ, ಈಗಲೂ ಅದಕ್ಕೆ ಬೇಜಾರಿದೆ.

ಹೊಟ್ಟೆಯಲ್ಲಿದ್ದಾಗಲೇ ಆಪರೇಷನ್ ಮಾಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ವಿಚಾರಿಸಿ. ನಮಗೆ ಬ್ಲಾಡರಿಗೆ ಕೊಳವೆ ಹಾಕುವ ಮಾತು ಬಂದಿತ್ತು. ಬ್ರಿಟನ್ನಿನ ಡಾಕ್ಟರುಗಳು ಮುಂದೆ ನಿಂತು ಮಾಡಿದ ಪ್ಲೂಟೋ ಅನ್ನುವ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಅದಕ್ಕೆ ಸಿಕ್ಕಿದ್ದೇ 31 ತಾಯಂದಿರು, ಬದುಕುಳಿದ ಮಕ್ಕಳಲ್ಲೂ ಕಿಡ್ನಿ ಪೂರ್ತಿ ಚೆನ್ನಾಗಿದ್ದವರು ಬಹಳ ಕಡಿಮೆ. ನಮಗೆ ನೀರು ಕೊನೆವರೆಗೂ ತೀರಾ ಇಳಿಯಲಿಲ್ಲ, ಅದಕ್ಕೆ ಕಾದೆವು. ಹುಟ್ಟಿದ ದಿನವೇ ಕ್ಯಾತಿಟರ್, ಅಂದರೆ ಮೂತ್ರ ಇಳಿಸುವ ಕೊಳವೆ ಹಾಕಿದರು, ವಾರದೊಳಗೆ ಆ ಪೊರೆ ಸುಟ್ಟು ತೆಗೆದರು. ಈಗ ನಾಲ್ಕು ವರ್ಷ, ಕಿಡ್ನಿ ಹೇಗಿದೆ ಅಂತ ತಿಳಿಯಲು ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸುತ್ತೇವೆ. ನಿಮ್ಮ ಮಗುವಿಗೆ ಕಿಡ್ನಿ ಚೆನ್ನಾಗಿದೆ ಅಂದಿದ್ದಾರೆ ಅಲ್ವಾ, ಅದು ಎಷ್ಟು ದೊಡ್ಡ ವಿಷಯ ಅಂತ ನಮ್ಮಂಥವರಿಗೆ ಗೊತ್ತು.

ತುಮಕೂರು ಅಮ್ಮ:

ತಂಗಿ, ನಿನ್ನ ಬರಹ ನೋಡಿ ಕೈ ನಡುಗಿತು. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಅವಳಿಗೆ ಇದೇ ಬ್ಲಾಡರ್ ಎಕ್ಸ್‌ಟ್ರೋಫಿ.

ನನಗೆ ಬಸಿರಿನಲ್ಲಿ ಮೂರು ಸ್ಕ್ಯಾನ್ ಆಗಿತ್ತು. ಮೂರರಲ್ಲೂ ಎಲ್ಲ ನಾರ್ಮಲ್ ಅಂತಲೇ ಬರೆದಿದ್ದರು. ಹೆರಿಗೆ ಆದ ಕೂಡಲೇ ಕೋಣೆಯಲ್ಲಿ ಎಲ್ಲರೂ ಮೌನ ಆದರು, ಮಗು ಅಳುತ್ತಿದೆ, ಆದರೆ ನನಗೆ ತೋರಿಸುತ್ತಿಲ್ಲ. ಅಲ್ಲಿದ್ದ ಯಾರೂ ಅಂಥ ಮಗುವನ್ನು ಅದುವರೆಗೆ ನೋಡಿರಲಿಲ್ಲ. ಹೊಟ್ಟೆಯ ಕೆಳಗೆ ಕೆಂಪಗೆ ಹಸಿ ಮಾಂಸದ ಹಾಗೆ ಕಾಣುತ್ತಿತ್ತು. ಒಣ ಬಟ್ಟೆ ಮುಚ್ಚಿ, ಹೊಕ್ಕುಳಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದರು. ನಾನು ಅವಳನ್ನು ಎತ್ತಿಕೊಂಡದ್ದು ಮೂರನೇ ದಿನ. ಬಟ್ಟೆ ಅಂಟಿಕೊಂಡು, ಕ್ಲಿಪ್ ಉಜ್ಜಿ, ಆ ಭಾಗ ರಕ್ತ ಬರುವ ಹಾಗೆ ಆಗಿತ್ತು. ಅವರದು ತಪ್ಪು ಅಂತ ಹೇಳುತ್ತಿಲ್ಲ, ಗೊತ್ತಿರಲಿಲ್ಲ. ಆದರೆ ನಿನಗೆ ಇನ್ನೂ ನಾಲ್ಕೂವರೆ ತಿಂಗಳಿದೆ. ಅದನ್ನು ಬಳಸಿಕೋ. ಎಲ್ಲಿ ಹೆರಿಗೆ, ಯಾರು ಸರ್ಜನ್, ಮಗು ಹುಟ್ಟಿದ ಐದು ನಿಮಿಷದಲ್ಲಿ ಏನು ಮಾಡಬೇಕು, ಇದೆಲ್ಲ ಮೊದಲೇ ಮಾತಾಗಿರಲಿ. ಹೊಕ್ಕುಳಿಗೆ ಕ್ಲಿಪ್ ಬೇಡ, ದಾರದಲ್ಲಿ ಕಟ್ಟಿ ಅಂತ ಹೇಳಬೇಕು. ತೆರೆದ ಭಾಗದ ಮೇಲೆ ಒಣ ಗಾಜ್ ಬಟ್ಟೆ ಹಾಕಬಾರದು, ಅಡುಗೆಮನೆಯಲ್ಲಿ ತಟ್ಟೆ ಮುಚ್ಚುತ್ತೇವಲ್ಲ ಆ ತೆಳು ಪ್ಲಾಸ್ಟಿಕ್ ಹಾಳೆ, ಅದನ್ನು ಹಾಕಬೇಕು. ಅಷ್ಟು ಸಣ್ಣ ವಿಷಯ. ನಮಗೆ ಅದು ಗೊತ್ತಾದದ್ದು ಎರಡು ವರ್ಷ ಆದ ಮೇಲೆ.

ಸುಳ್ಳು ಸಮಾಧಾನ ಹೇಳಲ್ಲ, ದಾರಿ ಉದ್ದ ಇದೆ. ಮೊದಲ ಆಪರೇಷನ್ ನಾಲ್ಕನೇ ದಿನ ಆಯಿತು. ಕಾಲು ಎರಡೂ ಸೇರಿಸಿ ಕಟ್ಟಿ ಮಲಗಿಸಿದ್ದರು, ವಾರಗಟ್ಟಲೆ ಎದೆಗೆ ಹಾಕಿಕೊಳ್ಳಲು ಆಗಲಿಲ್ಲ, ಹಾಲು ಹಿಂಡಿ ಕೊಡುತ್ತಿದ್ದೆ. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿಕೊಂಡಿತು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಷ್ಟು ಯಾವತ್ತೂ ಅತ್ತಿಲ್ಲ. ಒಂದೂವರೆ ವರ್ಷಕ್ಕೆ ಬೇರೆ ಕಡೆ ಮತ್ತೆ ಮಾಡಿಸಿದೆವು. ಈ ಮಕ್ಕಳಿಗೆ ಸೊಂಟದ ಮುಂದಿನ ಮೂಳೆ ಕೂಡಿರುವುದಿಲ್ಲ. ಎರಡನೇ ಸಲ ಆ ಮೂಳೆಯನ್ನೂ ಕತ್ತರಿಸಿ ಹತ್ತಿರ ತಂದು ಮುಚ್ಚಿದರು, ಅದು ನಿಂತಿತು. ಆರು ವರ್ಷಕ್ಕೆ ಇನ್ನೊಂದು ಆಪರೇಷನ್, ಕರುಳಿನ ತುಂಡು ಸೇರಿಸಿ ಮೂತ್ರಕೋಶ ದೊಡ್ಡದು ಮಾಡಿ, ಅಪೆಂಡಿಕ್ಸ್ ಬಳಸಿ ಹೊಟ್ಟೆಯ ಮೇಲೆ ಸಣ್ಣ ದಾರಿ ಮಾಡಿಕೊಟ್ಟರು. ಅಲ್ಲಿಯವರೆಗೆ ಡೈಪರ್. ಈಗ ನಾಲ್ಕು ಗಂಟೆಗೊಮ್ಮೆ ಅವಳೇ ಕ್ಯಾತಿಟರ್ ಹಾಕಿಕೊಂಡು ಖಾಲಿ ಮಾಡುತ್ತಾಳೆ. ಶಾಲೆಯಲ್ಲಿ ಒಬ್ಬ ಟೀಚರಿಗೆ ಮಾತ್ರ ವಿಷಯ ಗೊತ್ತು, ಸ್ಟಾಫ್ ಬಾತ್‌ರೂಮ್ ಬಳಸಲು ಬಿಡುತ್ತಾರೆ. ಕೊಕ್ಕೋ ಆಡುತ್ತಾಳೆ. ಗಣಿತ ಚೆನ್ನಾಗಿ ಬರುತ್ತದೆ, ಕನ್ನಡ ಅಕ್ಷರ ಮಾತ್ರ ಕಾಗೆ ಕಾಲು.

ಒಂದೇ ಬೇಡಿಕೆ. ಮೊದಲ ಆಪರೇಷನ್‌ಗೆ ಅವಸರ ಮಾಡಿ ಯಾರ ಕೈಗೋ ಕೊಡಬೇಡ. ಮೊದಲ ಸಲ ಸರಿಯಾಗಿ ಮುಚ್ಚಿದರೆ ಮುಂದಿನದೆಲ್ಲ ಹಗುರ. ಇಂಥ ಮಕ್ಕಳನ್ನು ಎಷ್ಟು ಜನರಿಗೆ ಮಾಡಿದ್ದೀರಿ ಅಂತ ಬಾಯಿಬಿಟ್ಟು ಕೇಳು, ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳಲ್ಲ. ಬೆಂಗಳೂರಿನ ಸರ್ಕಾರಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜರಿ ವಿಭಾಗ ಇದೆ, ಅಲ್ಲಿ ವಿಚಾರಿಸು. ಅಹಮದಾಬಾದಿನ ಸಿವಿಲ್ ಆಸ್ಪತ್ರೆಗೆ 2009ರಿಂದ ಅಮೆರಿಕದ ಸರ್ಜನ್‌ಗಳು ಬಂದು ಅಲ್ಲಿಯ ಡಾಕ್ಟರ ಜತೆ ಸೇರಿ ಇದೇ ಆಪರೇಷನ್ ಮಾಡುತ್ತಾರೆ, ದೇಶದ ಬೇರೆ ಕಡೆಯ ಮಕ್ಕಳೂ ಹೋಗುತ್ತಾರೆ. ಇನ್ನೊಂದು, ಈ ಮಕ್ಕಳಿಗೆ ರಬ್ಬರ್ ಅಲರ್ಜಿ ಬರುವುದು ಜಾಸ್ತಿ. ಗ್ಲೌಸ್, ಕ್ಯಾತಿಟರ್ ಎಲ್ಲ ಮೊದಲ ದಿನದಿಂದ ಲ್ಯಾಟೆಕ್ಸ್ ಇಲ್ಲದ್ದೇ ಇರಲಿ. ನಮ್ಮ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಬಲೂನ್ ಕಟ್ಟಲ್ಲ, ಕಾಗದದ ತೋರಣ ಕಟ್ಟುತ್ತೇವೆ.

ಭದ್ರಾ ದಂಡೆ:

ಅಕ್ಕ, ನಿಮ್ಮದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದು, ಬೆಂಗಳೂರಿಗೆ ರೈಲು ಬುಕ್ ಮಾಡಲಾ ಅಂದರು. ಸೋಮವಾರ ಹೊರಡುತ್ತಿದ್ದೇವೆ, ಅತ್ತೆಯೂ ಬರುತ್ತಾರೆ.

ಇನ್ನೊಂದು ಪ್ರಶ್ನೆ, ಕೇಳಲು ಮನಸ್ಸಿಲ್ಲ ಆದರೂ ಕೇಳುತ್ತೇನೆ. ನಮ್ಮ ನೆಂಟರೊಬ್ಬರು ತೆಗೆಸಿಬಿಡಿ, ಇಪ್ಪತ್ತು ವಾರ ದಾಟಿದರೆ ಆಗುವುದಿಲ್ಲ, ಆಗಲೇ ದಾಟಿದೆ ಅಂತ ಹೆದರಿಸುತ್ತಿದ್ದಾರೆ. ಅದು ನಿಜವಾ?

ಸ್ಕ್ಯಾನ್ ಕೋಣೆಯಿಂದ:

ಕೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ಸಂಕೋಚ ಬೇಡ. 20 ವಾರದ ಮಿತಿ ಹಳೆಯದು. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ, ಮಗುವಿನಲ್ಲಿ ಗಂಭೀರ ತೊಂದರೆ ಇದ್ದರೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ ಇದೆ. ಅದರ ಮೇಲೆ ಹೋದರೆ ಸರ್ಕಾರದ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ವಯಸ್ಸಿಗೆ ಬಂದ ಹೆಂಗಸಿಗೆ ಅವಳ ಸಹಿ ಒಂದೇ ಸಾಕು. ಗಂಡನದೂ ಬೇಡ, ಅತ್ತೆಯದೂ ಬೇಡ, ನೆಂಟರದಂತೂ ಬೇಡವೇ ಬೇಡ.

ನಿಮಗೆ ಇನ್ನೂ ಮೂರು ವಾರದ ಮೇಲಿದೆ. ಮೊದಲು ಏನಾಗಿದೆ ಅಂತ ಖಚಿತ ಆಗಲಿ, ಮಕ್ಕಳ ಸರ್ಜನ್ ಹತ್ತಿರ ಕೂತು ಮಾತಾಡಿ, ಆಮೇಲೆ ಯೋಚನೆ. ಮುಂದುವರಿಸಿದವರನ್ನೂ ನೋಡಿದ್ದೇನೆ, ಬೇಡ ಅಂದವರನ್ನೂ ನೋಡಿದ್ದೇನೆ. ಇಬ್ಬರೂ ಮಗುವಿನ ಬಗ್ಗೆ ಯೋಚಿಸಿಯೇ ಆ ಮಾತು ಹೇಳಿದವರು. ನನಗೆ ಸಂಕಟ ಆಗುವುದು ಸರಿಯಾದ ಸ್ಕ್ಯಾನೇ ಆಗದೆ, ಯಾರೋ ಹೆದರಿಸಿದ್ದಕ್ಕೆ ನಿರ್ಧಾರ ಮಾಡಿದವರನ್ನು ಕಂಡಾಗ.

ಭದ್ರಾ ದಂಡೆ:

ಹೋಗಿ ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ.

ಅಲ್ಲಿಯ ಡಾಕ್ಟರಮ್ಮ ಒಂದು ಸಲ ನೋಡಿ, ತಿಂಡಿ ತಿಂದು ಬನ್ನಿ ಅಂತ ಕಳಿಸಿ, ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಮಾರನೇ ದಿನ ಬೆಳಿಗ್ಗೆ ಇನ್ನೊಂದು ಸಲ. ಬ್ಲಾಡರ್ ತುಂಬಲೇ ಇಲ್ಲ. ಬಳ್ಳಿಯ ಕೆಳಗೆ ಸಣ್ಣ ಉಬ್ಬು ಇದೆ. ಬೆನ್ನುಮೂಳೆ ಸರಿ, ಹೃದಯ ಸರಿ, ಕಿಡ್ನಿ ಸರಿ, ಹೊಕ್ಕುಳಲ್ಲಿ ಚೀಲ ಇಲ್ಲ, ನೀರು ಸರಿ. ಬ್ಲಾಡರ್ ಎಕ್ಸ್‌ಟ್ರೋಫಿ ಅಂತಲೇ ಅನಿಸುತ್ತದೆ, 28 ವಾರದ ಹೊತ್ತಿಗೆ ಎಂಆರ್‌ಐ ಮಾಡೋಣ ಅಂದರು. ಅತ್ತೆ ಗ್ರಹಣದ ಬಗ್ಗೆ ಅವರನ್ನೇ ಕೇಳಿದರು. ಡಾಕ್ಟರಮ್ಮ ಒಂದು ಕಾಗದದ ಮೇಲೆ ಮಗುವಿನ ಚಿತ್ರ ಬರೆದು, ಯಾವ ವಾರದಲ್ಲಿ ಯಾವ ಕಡೆಯಿಂದ ಗೋಡೆ ಬಂದು ಕೂಡುತ್ತದೆ ಅಂತ ತೋರಿಸಿದರು. ಅತ್ತೆ ಆ ಕಾಗದವನ್ನು ಮಡಿಸಿ ತಾಯಿ ಕಾರ್ಡಿನ ಒಳಗೆ ಇಟ್ಟುಕೊಂಡಿದ್ದಾರೆ.

ಅವತ್ತೇ ಮಧ್ಯಾಹ್ನ ಮಕ್ಕಳ ಸರ್ಜನ್ ಸಿಕ್ಕರು. ಅಕ್ಕ ಹೇಳಿದ ಹಾಗೆ ಎಷ್ಟು ಮಾಡಿದ್ದೀರಿ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಹೇಳಿದರು, ಸೋತದ್ದನ್ನೂ ಹೇಳಿದರು. ನಾರ್ಮಲ್ ಹೆರಿಗೆಗೆ ಇದರಿಂದ ಅಡ್ಡಿ ಇಲ್ಲ, ಆದರೆ ಸರ್ಜನ್ ಇರುವ ಊರಿನಲ್ಲೇ ಆಗಲಿ ಅಂದರು. ಮುಂದಿನ ಮಗುವಿಗೂ ಬರುತ್ತದಾ ಅಂತ ನಮ್ಮ ಮನೆಯವರು ಕೇಳಿದ್ದಕ್ಕೆ, ನೂರರಲ್ಲಿ ಒಂದು ಅನ್ನುವಷ್ಟು ಅಂದರು.

ರಾತ್ರಿ ರೈಲಿನಲ್ಲಿ ಇಬ್ಬರೂ ಮಾತಾಡಿದೆವು. ಮುಂದುವರಿಸುತ್ತಿದ್ದೇವೆ. ಏಳನೇ ತಿಂಗಳು ಆದ ಮೇಲೆ ಬೆಂಗಳೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಇರುತ್ತೇನೆ.

ಅಕ್ಕ, ಆ ಪ್ಲಾಸ್ಟಿಕ್ ಹಾಳೆ, ದಾರ, ಇವನ್ನೆಲ್ಲ ಆಸ್ಪತ್ರೆಯವರೇ ಇಟ್ಟಿರುತ್ತಾರಾ, ನಾವೇ ತರಬೇಕಾ?

ತುಮಕೂರು ಅಮ್ಮ:

ದಾರ ಹೆರಿಗೆ ಕೋಣೆಯಲ್ಲಿ ಇದ್ದೇ ಇರುತ್ತದೆ, ಸಿಸ್ಟರಿಗೆ ಮೊದಲೇ ನೆನಪಿಸು ಸಾಕು. ಪ್ಲಾಸ್ಟಿಕ್ ಹಾಳೆ ಒಂದು ಹೊಸ ರೋಲ್ ನಿನ್ನ ಬ್ಯಾಗಿನಲ್ಲೇ ಇರಲಿ, ಒಡೆಯಬೇಡ, ಡಾಕ್ಟರಿಗೆ ತೋರಿಸಿ ಇಡು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡು. ನೋವು ಬಂದ ಹೊತ್ತಿನಲ್ಲಿ ನಿನಗೆ ಮಾತಾಡಲು ಆಗಲ್ಲ, ಆ ಚೀಟಿ ಅತ್ತೆಯ ಕೈಯಲ್ಲಿರಲಿ.